ತೊಂಬತ್ತೈದು ಡಿಗ್ರಿಯ ಲೆಕ್ಕ: ಹೊಸ ಪ್ರೊಸೆಸರ್ ಯಾಕಿಷ್ಟು ಕಾಯುತ್ತದೆ?

ಕಲಬುರಗಿಯಲ್ಲಿರುವ ನನ್ನ ಅಣ್ಣನ ಮಗ ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುತ್ತಾನೆ. ಎರಡು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದೊಂದೇ ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸಿಕೊಂಡ. ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್, ಅಂದರೆ ಪ್ರೊಸೆಸರ್, ಎಎಂಡಿ ಕಂಪನಿಯ ರೈಝೆನ್ 7 7700ಎಕ್ಸ್. ಮೊದಲ ದಿನವೇ ರಾತ್ರಿ ಹತ್ತೂವರೆಗೆ ಫೋನು: "ಕಾಕಾ, ರೆಂಡರ್‌ಗೆ ಹಾಕೀನಿ, ತೊಂಬತ್ತೈದು ಡಿಗ್ರಿ ತೋರಸ್ಲತ್ತದ. ಬಂದ್ ಮಾಡ್ಲೇನು? ಸುಟ್ಟು ಗಿಟ್ಟು ಹೋದ್ರ ಏನ್ ಮಾಡ್ಲಿ?"

ರೆಂಡರ್ ಅಂದರೆ ಎಡಿಟ್ ಮಾಡಿದ ವಿಡಿಯೊವನ್ನು ಕಂಪ್ಯೂಟರ್ ಅಂತಿಮ ರೂಪಕ್ಕೆ ತರುವ ಭಾರದ ಕೆಲಸ. ಅವನ ದಿಗಿಲು ಅವನೊಬ್ಬನದಲ್ಲ. 2022ರ ಸೆಪ್ಟೆಂಬರ್ 27ರಂದು ರೈಝೆನ್ 7000 ಸಾಲಿನ ಪ್ರೊಸೆಸರ್‌ಗಳು ಅಂಗಡಿಗೆ ಬಂದಾಗಿನಿಂದ ಕೊಂಡವರು ಇದೇ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. ಆ ರಾತ್ರಿ ಫೋನಿನಲ್ಲಿ ಅವಸರದಲ್ಲಿ ಹೇಳಿದ್ದನ್ನೇ ಇಲ್ಲಿ ನಿಧಾನವಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಬಂದದ್ದೇನು, ಜನ ಕಂಡದ್ದೇನು

ಮೊದಲ ದಿನ ಬಂದ ಮಾದರಿಗಳು ನಾಲ್ಕು. ಆರು ಕೋರ್‌ಗಳ 7600ಎಕ್ಸ್, ಎಂಟರ 7700ಎಕ್ಸ್, ಹನ್ನೆರಡರ 7900ಎಕ್ಸ್, ಹದಿನಾರರ 7950ಎಕ್ಸ್. ಕೋರ್ ಅಂದರೆ ಪ್ರೊಸೆಸರಿನ ಒಳಗೆ ಲೆಕ್ಕ ಮಾಡುವ ಒಂದು ಘಟಕ. ಅಡುಗೆಮನೆಯಲ್ಲಿ ಎಷ್ಟು ಒಲೆ ಇವೆ ಅನ್ನುವ ಹಾಗೆ. ಒಂದೊಂದು ಒಲೆ ಎಷ್ಟು ಚುರುಕಾಗಿ ಉರಿಯುತ್ತದೆ ಅನ್ನುವುದನ್ನು ಗಿಗಾಹರ್ಟ್ಸ್‌ನಲ್ಲಿ ಹೇಳುತ್ತಾರೆ. ಹಿಂದಿನ ತಲೆಮಾರಿನ ದೊಡ್ಡಣ್ಣ 5950ಎಕ್ಸ್‌ನ ಗರಿಷ್ಠ ವೇಗ 4.9 ಗಿಗಾಹರ್ಟ್ಸ್ ಇತ್ತು. 7950ಎಕ್ಸ್ ಒಂದೇ ನೆಗೆತಕ್ಕೆ 5.7 ಮುಟ್ಟಿತು.

ವೇಗದ ವಿಷಯದಲ್ಲಿ ಯಾರದೂ ತಕರಾರಿರಲಿಲ್ಲ. ಖರ್ಚಿನ ಬಗ್ಗೆ ಇತ್ತು. ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ, ಅಂದರೆ ಸಾಕೆಟ್, ಹೊಸದು: ಎಎಂ5. ಹಳೆಯ ಮದರ್‌ಬೋರ್ಡ್ ನಡೆಯುವುದಿಲ್ಲ, ಹಳೆಯ ಡಿಡಿಆರ್4 ರ‍್ಯಾಮ್ ಕೂಡ ನಡೆಯುವುದಿಲ್ಲ. ಇನ್ನೊಂದು ಗಾಬರಿ ಮೊದಲ ಸಲ ಸ್ವಿಚ್ ಒತ್ತಿದಾಗ ಕಾದಿರುತ್ತಿತ್ತು. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ, ಕೆಲವೊಮ್ಮೆ ಹಲವು ನಿಮಿಷ. ಹೊಸ ರ‍್ಯಾಮ್‌ಗೆ ಎಷ್ಟು ವೇಗ ಹೊಂದುತ್ತದೆ ಎಂದು ಮದರ್‌ಬೋರ್ಡ್ ತಾಳೆ ನೋಡುತ್ತಿರುತ್ತದೆ ಅಷ್ಟೆ. ಗೊತ್ತಿಲ್ಲದವರು ಬೋರ್ಡೇ ಸತ್ತಿದೆ ಅಂದುಕೊಂಡು ಪವರ್ ತೆಗೆದುಬಿಡುತ್ತಿದ್ದರು.

ಇದೆಲ್ಲ ದಾಟಿ ಭಾರದ ಕೆಲಸ ಕೊಟ್ಟ ಕೂಡಲೇ ಕಾಣುತ್ತಿದ್ದದ್ದು ಆ ಅಂಕಿ: 95. ಮೂರು ಫ್ಯಾನಿನ ವಾಟರ್ ಕೂಲರ್ ಹಾಕಿದವರಿಗೂ ಹೆಚ್ಚುಕಡಿಮೆ ಅದೇ. ಬೆಲೆಬಾಳುವ ಕೂಲರ್ ಕೊಂಡವರಿಗೆ ಮೋಸಹೋದ ಹಾಗೆ ಅನಿಸಿತು. ನೀರು ಕುದಿಯಲು ಇನ್ನು ಐದೇ ಡಿಗ್ರಿ ಬಾಕಿ ಅಂದರೆ ಯಾರಿಗೆ ತಾನೆ ಎದೆ ಧಸಕ್ ಅನ್ನುವುದಿಲ್ಲ?

ಉಷ್ಣಾಂಶ ಬೇರೆ, ಶಾಖ ಬೇರೆ

ಈ ಒಂದು ಭೇದ ಹಿಡಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಹೊತ್ತಿಸಿದ ಊದುಬತ್ತಿಯ ತುದಿ ನೂರಾರು ಡಿಗ್ರಿ ಕಾದಿರುತ್ತದೆ. ಆದರೂ ದೇವರ ಕೋಣೆ ಬೆಚ್ಚಗಾಗುವುದಿಲ್ಲ. ಬಚ್ಚಲ ಹಂಡೆಯ ನೀರು ಐವತ್ತು ಡಿಗ್ರಿ ದಾಟದಿದ್ದರೂ ಬಚ್ಚಲೆಲ್ಲ ಹಬೆಯಾಡುತ್ತದೆ. ತುದಿಯಲ್ಲಿ ಇರುವುದು ಹೆಚ್ಚಿನ ಉಷ್ಣಾಂಶ, ಹಂಡೆಯಲ್ಲಿ ಇರುವುದು ಹೆಚ್ಚಿನ ಶಾಖ.

ಉಷ್ಣಾಂಶವನ್ನು ಡಿಗ್ರಿಯಲ್ಲಿ ಅಳೆಯುತ್ತೇವೆ. ಶಾಖ ಯಾವ ದರದಲ್ಲಿ ಹುಟ್ಟುತ್ತಿದೆ ಅನ್ನುವುದನ್ನು ವ್ಯಾಟ್‌ನಲ್ಲಿ ಅಳೆಯುತ್ತೇವೆ. ಪ್ರೊಸೆಸರ್ ಮಿಕ್ಸಿಯ ಹಾಗೆ ಏನನ್ನೂ ತಿರುಗಿಸುವುದಿಲ್ಲ, ಬಲ್ಬಿನ ಹಾಗೆ ಬೆಳಕು ಕೊಡುವುದಿಲ್ಲ. ಅದು ಕುಡಿದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಗೆ ಬರುತ್ತದೆ. 140 ವ್ಯಾಟ್ ತಿಂದರೆ ಕೋಣೆಗೆ 140 ವ್ಯಾಟ್ ಶಾಖ. ಚಿಪ್ 95 ಡಿಗ್ರಿಯಲ್ಲಿರಲಿ, 70ರಲ್ಲಿರಲಿ, ಕೋಣೆಯ ಪಾಲಿಗೆ ಅಷ್ಟೇ.

ಹಾಗಾಗಿ ಅಣ್ಣನ ಮಗನಿಗೆ ನಾನು ಮೊದಲು ಕೇಳಿದ್ದು ಡಿಗ್ರಿಯನ್ನಲ್ಲ. ಎಷ್ಟು ವ್ಯಾಟ್, ಎಷ್ಟು ಗಿಗಾಹರ್ಟ್ಸ್ ಅಂತ.

ವಿದ್ಯುತ್ತು ಯಾಕೆ ಇಷ್ಟು ಬೇಕು?

ಪ್ರೊಸೆಸರಿನ ಒಳಗಿರುವುದು ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳು, ಅಂದರೆ ಅತಿ ಸಣ್ಣ ಸ್ವಿಚ್ಚುಗಳು. ಪ್ರತಿ ಸಲ ಸ್ವಿಚ್ ಬಿದ್ದಾಗ ಚೂರು ವಿದ್ಯುತ್ತು ತುಂಬುತ್ತದೆ, ಎದ್ದಾಗ ಖಾಲಿಯಾಗುತ್ತದೆ. ಒಂದು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ತಾಳ. ಹೀಗೆ ತುಂಬಿ ಚೆಲ್ಲಿದ ವಿದ್ಯುತ್ತೇ ಶಾಖ.

ತಾಳ ಹೆಚ್ಚಿದಷ್ಟೂ ಶಾಖ ಹೆಚ್ಚು, ಇದು ಸರಳ. ವೋಲ್ಟೇಜಿನ, ಅಂದರೆ ವಿದ್ಯುತ್ತನ್ನು ತಳ್ಳುವ ಒತ್ತಡದ, ಲೆಕ್ಕ ಮಾತ್ರ ಬೇರೆ. ಶಾಖ ಹೆಚ್ಚುವುದು ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ. ವೋಲ್ಟೇಜ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಸ್ವಿಚ್ಚುಗಳನ್ನು ಇನ್ನೂ ಜೋರಾಗಿ ಕುಣಿಸಬೇಕಾದರೆ ವೋಲ್ಟೇಜ್ ಏರಿಸಲೇಬೇಕು. ಒಂದು ಲೆಕ್ಕ ಹಾಕಿ ನೋಡಿ. 5 ಗಿಗಾಹರ್ಟ್ಸಿನಿಂದ 5.5ಕ್ಕೆ ಹೋಗಲು ವೋಲ್ಟೇಜನ್ನು 1ರಿಂದ 1.2ಕ್ಕೆ ಏರಿಸಬೇಕಾಯಿತು ಅಂದುಕೊಳ್ಳಿ. ವೇಗ ಹೆಚ್ಚಿದ್ದು ಶೇ. 10. ಶಾಖ? 1.2ರ ವರ್ಗ 1.44, ಅದಕ್ಕೆ 1.1ರಿಂದ ಗುಣಿಸಿದರೆ 1.58. ಶೇ. 10ರಷ್ಟು ವೇಗಕ್ಕೆ ತೆತ್ತದ್ದು ಶೇ. 58ರಷ್ಟು ಹೆಚ್ಚಿನ ಶಾಖ. ಘಾಟಿಯ ಕೊನೆಯ ತಿರುವಿನಲ್ಲಿ ಲಾರಿ ಡೀಸೆಲ್ ಕುಡಿಯುವ ಹಾಗೆ, ಕೊನೆಯ ಅಷ್ಟು ವೇಗವೇ ಎಲ್ಲಕ್ಕಿಂತ ದುಬಾರಿ.

ಇದರ ಜೊತೆಗೆ ಸೋರಿಕೆಯೂ ಇದೆ. ನಲ್ಲಿ ಎಷ್ಟೇ ಬಿಗಿ ಮಾಡಿದರೂ ತೊಟ್ಟಿಕ್ಕುವ ಹಾಗೆ, ಆಫ್ ಆಗಿರುವ ಟ್ರಾನ್ಸಿಸ್ಟರಿನಲ್ಲೂ ಒಂದಿಷ್ಟು ವಿದ್ಯುತ್ತು ಜಿನುಗುತ್ತದೆ. ಚಿಪ್ ಕಾದಷ್ಟೂ ಈ ಜಿನುಗು ಹೆಚ್ಚು, ಜಿನುಗು ಹೆಚ್ಚಿದಷ್ಟೂ ಚಿಪ್ ಇನ್ನಷ್ಟು ಕಾಯುತ್ತದೆ.

ಕಿರುಬೆರಳ ಉಗುರಿನಷ್ಟು ಜಾಗ

7700ಎಕ್ಸ್‌ನ ಎಂಟೂ ಕೋರ್‌ಗಳಿರುವ ಸಿಲಿಕಾನ್ ತುಂಡಿನ ವಿಸ್ತೀರ್ಣ ಸುಮಾರು 70 ಚದರ ಮಿಲಿಮೀಟರ್. ಕಿರುಬೆರಳಿನ ಉಗುರಿನಷ್ಟು ಅನ್ನಿ. ತೈವಾನಿನ ಟಿಎಸ್ಎಂಸಿ ಕಾರ್ಖಾನೆಯಲ್ಲಿ 5 ನ್ಯಾನೊಮೀಟರ್ ತಂತ್ರದಲ್ಲಿ ತಯಾರಾದದ್ದು. ಹಿಂದಿನ ತಲೆಮಾರಿನ 7 ನ್ಯಾನೊಮೀಟರ್ ತುಂಡು ಸುಮಾರು 80 ಚದರ ಮಿಲಿಮೀಟರ್ ಇತ್ತು. ಅಂದರೆ ತುಂಡು ಚಿಕ್ಕದಾಯಿತು. ಅದೇ ಹೊತ್ತಿಗೆ ವಿದ್ಯುತ್ ಮಿತಿ ಏರಿತು: 5950ಎಕ್ಸ್‌ಗೆ ಸಾಕೆಟ್‌ನಿಂದ ಗರಿಷ್ಠ 142 ವ್ಯಾಟ್ ಸಿಗುತ್ತಿತ್ತು, 7950ಎಕ್ಸ್‌ಗೆ 230.

ಡಬ್ಬದ ಮೇಲೆ 170 ವ್ಯಾಟ್ ಅಂತ ಇರುತ್ತದಲ್ಲ ಅಂದರೆ, ಅದು ಟಿಡಿಪಿ. ಎಂಥ ಕೂಲರ್ ಬೇಕು ಎಂದು ಹೇಳಲು ಕಂಪನಿ ಬಳಸುವ ಅಂಕಿ ಅದು, ಪ್ರೊಸೆಸರ್ ನಿಜಕ್ಕೂ ಎಳೆಯುವ ವಿದ್ಯುತ್ತಿನ ಮಿತಿಯಲ್ಲ. 170ರ ಟಿಡಿಪಿಗೆ ನಿಜವಾದ ಮಿತಿ 230, 105ರ ಟಿಡಿಪಿಗೆ 142. ಕೊಳ್ಳುವಾಗ ಈ ಎರಡನೆಯ ಅಂಕಿಯನ್ನೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಮನೆಯ ಇಸ್ತ್ರಿ ಪೆಟ್ಟಿಗೆ ನೆನೆಯಿರಿ. 1000 ವ್ಯಾಟ್, ತಳದ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರಿಗೆ 5 ವ್ಯಾಟ್. 7700ಎಕ್ಸ್‌ನ 142 ವ್ಯಾಟಿನಲ್ಲಿ ಕೋರ್‌ಗಳ ತುಂಡಿಗೆ 110 ಹೋಯಿತೆಂದರೆ ಅದು ಹುಟ್ಟುವುದು 0.7 ಚದರ ಸೆಂಟಿಮೀಟರಿನಲ್ಲಿ. ಚದರ ಸೆಂಟಿಮೀಟರಿಗೆ ನೂರೈವತ್ತು ದಾಟುತ್ತದೆ, ಇಸ್ತ್ರಿ ಪೆಟ್ಟಿಗೆಯ ಮೂವತ್ತು ಪಟ್ಟು. ಒಟ್ಟು ಶಾಖ ಇಸ್ತ್ರಿ ಪೆಟ್ಟಿಗೆಯದರ ಏಳರಲ್ಲೊಂದು ಪಾಲು ಮಾತ್ರ. ತೊಂದರೆ ಇರುವುದು ಅದು ಹುಟ್ಟುವ ಜಾಗ ಅಷ್ಟು ಇಕ್ಕಟ್ಟಾಗಿರುವುದರಲ್ಲಿ.

ಟ್ರಾನ್ಸಿಸ್ಟರ್ ಚಿಕ್ಕದಾದರೆ ವಿದ್ಯುತ್ತೂ ಕಡಿಮೆ ಸಾಕಲ್ಲವೇ ಅನ್ನುವುದು ನ್ಯಾಯವಾದ ಪ್ರಶ್ನೆ. ಒಂದು ಕಾಲಕ್ಕೆ ಹಾಗೆಯೇ ಇತ್ತು. 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಜೊತೆಗಾರರು ತೋರಿಸಿಕೊಟ್ಟದ್ದು ಅದನ್ನೇ: ಟ್ರಾನ್ಸಿಸ್ಟರ್ ಕುಗ್ಗಿಸುತ್ತಾ ಅದೇ ಪ್ರಮಾಣದಲ್ಲಿ ವೋಲ್ಟೇಜನ್ನೂ ಇಳಿಸುತ್ತಾ ಹೋದರೆ ಚದರ ಸೆಂಟಿಮೀಟರಿಗೆ ಹುಟ್ಟುವ ಶಾಖ ಹೆಚ್ಚುವುದಿಲ್ಲ. ಮೂವತ್ತು ವರ್ಷ ಇದು ನಡೆಯಿತು. ಆಮೇಲೆ ವೋಲ್ಟೇಜ್ ಇನ್ನು ಇಳಿಸಿದರೆ ಸೋರಿಕೆ ಮಿತಿಮೀರುವ ಹಂತ ಬಂತು. 2004ರ ಫೆಬ್ರವರಿಯಲ್ಲಿ ಬಂದ ಇಂಟೆಲ್‌ನ ಪ್ರೆಸ್ಕಾಟ್ ಹೆಸರಿನ ಪೆಂಟಿಯಂ 4 ಈ ಗೋಡೆಗೆ ಮುಖ ಕೊಟ್ಟ ಚಿಪ್. 90 ನ್ಯಾನೊಮೀಟರಿಗೆ ಕುಗ್ಗಿದರೂ ಹಿಂದಿನದಕ್ಕಿಂತ ಹೆಚ್ಚು ಕಾಯುತ್ತಿತ್ತು. 4 ಗಿಗಾಹರ್ಟ್ಸಿನ ಪೆಂಟಿಯಂ 4 ತರುತ್ತೇವೆ ಅಂದಿದ್ದ ಇಂಟೆಲ್ ಅದೇ ಅಕ್ಟೋಬರಿನಲ್ಲಿ ಆ ಯೋಜನೆ ಕೈಬಿಟ್ಟಿತು. ಒಂದೇ ಕೋರನ್ನು ಓಡಿಸುವುದನ್ನು ಬಿಟ್ಟು ಕೋರ್‌ಗಳ ಸಂಖ್ಯೆ ಹೆಚ್ಚಿಸುವ ದಾರಿ ಹಿಡಿದದ್ದು ಆಮೇಲೆಯೇ. ಇವತ್ತು ನಮ್ಮ ಮೇಜಿನ ಮೇಲಿರುವ ಹದಿನಾರು ಕೋರಿನ ಪ್ರೊಸೆಸರಿನ ಹಿಂದೆ ಶಾಖದ ಈ ಗೋಡೆ ನಿಂತಿದೆ.

ಗುಡಿಯ ಬಾಗಿಲು ಮತ್ತು ದಪ್ಪ ಮುಚ್ಚಳ

ಶಾಖ ಹೊರಬೀಳುವ ದಾರಿ ಹೀಗಿದೆ: ಸಿಲಿಕಾನ್ ತುಂಡು, ಅದರ ಮೇಲೆ ಬೆಸುಗೆಯ ಪದರ, ಮೇಲೊಂದು ತಾಮ್ರದ ಮುಚ್ಚಳ, ಮುಚ್ಚಳಕ್ಕೂ ಕೂಲರಿಗೂ ನಡುವೆ ಥರ್ಮಲ್ ಪೇಸ್ಟ್, ಆಮೇಲೆ ಕೂಲರಿನ ತಳ, ಕೊಳವೆಗಳು, ಲೋಹದ ತೆಳು ರೆಕ್ಕೆಗಳು, ಕೊನೆಗೆ ಫ್ಯಾನಿನ ಗಾಳಿ.

ಜಾತ್ರೆಯ ದಿನ ಗುಡಿಯಿಂದ ಜನ ಹೊರಬರುವುದನ್ನು ನೋಡಿದ್ದೀರಲ್ಲ. ಹೊರಗಿನ ತೇರು ಬೀದಿ ಎಷ್ಟೇ ಅಗಲವಿರಲಿ, ಗರ್ಭಗುಡಿಯ ಬಾಗಿಲು ಚಿಕ್ಕದಿದ್ದರೆ ಒಳಗೆ ನೂಕುನುಗ್ಗಲು ತಪ್ಪುವುದಿಲ್ಲ. ಕೂಲರ್ ತೇರು ಬೀದಿ. ಉಗುರಿನಷ್ಟು ಚಿಪ್ಪಿನಿಂದ ಮುಚ್ಚಳಕ್ಕೆ ಶಾಖ ದಾಟುವ ಜಾಗ ಗರ್ಭಗುಡಿಯ ಬಾಗಿಲು. ದೊಡ್ಡ ಕೂಲರ್ ಹಾಕಿದರೂ ಅಂಕಿ ಅಷ್ಟಾಗಿ ಇಳಿಯದಿರುವುದಕ್ಕೆ ಇದೊಂದು ಕಾರಣ.

ರೈಝೆನ್ 7000ರಲ್ಲಿ ಆ ಮುಚ್ಚಳ ಮಾಮೂಲಿಗಿಂತ ದಪ್ಪ. ಎಎಂ4 ಸಾಕೆಟ್ಟಿನ ಕೂಲರ್ ಇದ್ದವರು ಅದನ್ನೇ ಮುಂದುವರಿಸಲಿ ಎಂದು ಎಎಂಡಿ ಎತ್ತರವನ್ನು ಹಳೆಯದಕ್ಕೆ ಹೊಂದಿಸಿತು. ಹೊಸ ಸಾಕೆಟ್ಟಿನಲ್ಲಿ ಪ್ರೊಸೆಸರ್ ಕೂರುವ ಮಟ್ಟ ಬೇರೆಯಾದ್ದರಿಂದ ಆ ವ್ಯತ್ಯಾಸವನ್ನು ಮುಚ್ಚಳದ ದಪ್ಪದಿಂದ ತುಂಬಬೇಕಾಯಿತು. ಜನರ ದುಡ್ಡು ಉಳಿಸಿದ ಈ ನಿರ್ಧಾರಕ್ಕೆ ಡಿಗ್ರಿಗಳಲ್ಲಿ ಬೆಲೆ ತೆರಬೇಕಾಯಿತು. ಪ್ರೊಸೆಸರ್‌ಗಳನ್ನು ಮಿತಿಮೀರಿ ಓಡಿಸಿ ಪರೀಕ್ಷಿಸುವ ಜರ್ಮನಿಯ ರೋಮನ್ ಹಾರ್ಟುಂಗ್ ಮುಚ್ಚಳವನ್ನೇ ಕಿತ್ತು, ಕೂಲರನ್ನು ನೇರವಾಗಿ ಸಿಲಿಕಾನ್ ಮೇಲೆ ಕೂರಿಸಿ ಅಳೆದಾಗ ಉಷ್ಣಾಂಶ ಸುಮಾರು 20 ಡಿಗ್ರಿ ಇಳಿಯಿತು. ಮನೆಯಲ್ಲಿ ಯಾರೂ ಇದನ್ನು ಮಾಡಬೇಡಿ. ಒಂದು ಸಣ್ಣ ತಪ್ಪಿಗೆ ಚಿಪ್ ಬಿರುಕು ಬಿಡುತ್ತದೆ, ವಾರಂಟಿಯೂ ಹೋಗುತ್ತದೆ.

ಈ ಮುಚ್ಚಳದ ಆಕಾರವೂ ವಿಚಿತ್ರ. ಅಂಚಿನಲ್ಲಿ ಸುತ್ತ ಎಂಟು ಕಡೆ ಕಚ್ಚಿ ತೆಗೆದ ಹಾಗೆ ಸಂದುಗಳಿವೆ, ಅವುಗಳಲ್ಲಿ ಸಾಸಿವೆಗಿಂತ ಚಿಕ್ಕ ಕೆಪ್ಯಾಸಿಟರ್‌ಗಳು ಸಾಲಾಗಿ ಕೂತಿವೆ. ಪೇಸ್ಟ್ ಜಾಸ್ತಿ ಹಚ್ಚಿ ಕೂಲರ್ ಒತ್ತಿದಾಗ ಬೂದು ಬಣ್ಣದ ಪೇಸ್ಟ್ ಆ ಸಂದುಗಳೊಳಗೆ ಇಳಿದು ಕೂರುತ್ತದೆ. ಮೊದಲ ಸಲ ಒರೆಸುವಾಗ ಬಟ್ಟೆ ಸಾಲದೆ, ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒಂದೊಂದೇ ಸಂದು ಬಿಡಿಸುತ್ತಾ ಅರ್ಧ ಗಂಟೆ ಕೂತಿದ್ದೆ. ಸಾಮಾನ್ಯ ಪೇಸ್ಟ್ ವಿದ್ಯುತ್ತು ಹರಿಸುವುದಿಲ್ಲ, ಆದ್ದರಿಂದ ಹಾನಿಯಿಲ್ಲ. ದ್ರವಲೋಹದ ಪೇಸ್ಟ್ ಆಗಿದ್ದರೆ ಅಲ್ಲೇ ಶಾರ್ಟ್ ಆಗುತ್ತಿತ್ತು.

ಕುದಿಯುವ ಪಾತ್ರೆ

ಇಷ್ಟೆಲ್ಲ ಆದಮೇಲೂ ಎಲ್ಲರಿಗೂ ಸರಿಯಾಗಿ 95 ಯಾಕೆ? ಒಬ್ಬರಿಗೆ 91, ಇನ್ನೊಬ್ಬರಿಗೆ 103 ಯಾಕಿಲ್ಲ?

ಯಾಕೆಂದರೆ ಪ್ರೊಸೆಸರ್ ತಾನೇ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಹಿಂದೆ ಉಷ್ಣಾಂಶದ ಮಿತಿ ಅಂದರೆ ಮುಟ್ಟಬಾರದ ಗೆರೆ. ಈ ತಲೆಮಾರಿನಲ್ಲಿ ಅದು ಮುಟ್ಟಲೆಂದೇ ಇಟ್ಟ ಗೆರೆ. ಭಾರದ ಕೆಲಸ ಬಂದಾಗ ಪ್ರೊಸೆಸರ್ ಪ್ರತಿ ಕ್ಷಣ ಮೂರು ಸಂಗತಿ ನೋಡುತ್ತಿರುತ್ತದೆ: ವ್ಯಾಟ್ ಮಿತಿ ಬಂತೇ, ಕರೆಂಟ್ (ಆಂಪಿಯರ್) ಮಿತಿ ಬಂತೇ, 95 ಡಿಗ್ರಿ ಬಂತೇ. ಮೂರೂ ಬಾರದಿದ್ದರೆ ವೇಗ ಇನ್ನಷ್ಟು ಏರಿಸುತ್ತದೆ. ಯಾವುದಾದರೂ ಒಂದು ಬಂದರೆ ಅಲ್ಲಿಗೆ ತಡೆದು ಅಷ್ಟರಲ್ಲೇ ಓಡುತ್ತದೆ. ದಿನವಿಡೀ 95ರಲ್ಲಿ ಓಡಿದರೂ ಆಯುಸ್ಸಿಗೆ ಧಕ್ಕೆಯಿಲ್ಲ, ವಿನ್ಯಾಸವೇ ಹಾಗಿದೆ ಎಂದು ಎಎಂಡಿ ಆಗಲೇ ಸ್ಪಷ್ಟಪಡಿಸಿತ್ತು.

ಅನ್ನಕ್ಕೆ ಇಟ್ಟ ಎಸರು ನೆನೆಯಿರಿ. ಕುದಿ ಬಂದಮೇಲೆ ಉರಿ ಸಣ್ಣದಿರಲಿ ದೊಡ್ಡದಿರಲಿ ನೀರು ನೂರು ಡಿಗ್ರಿಯಲ್ಲೇ ಇರುತ್ತದೆ. ಉರಿ ಹೆಚ್ಚಿಸಿದರೆ ಹೆಚ್ಚುವುದು ಹಬೆ. ಹಾಗೆಯೇ ಇಲ್ಲಿ ಒಳ್ಳೆಯ ಕೂಲರ್ ಹಾಕಿದರೆ ಡಿಗ್ರಿ ಇಳಿಯುವುದಿಲ್ಲ, ಆ 95ರಲ್ಲೇ ಇನ್ನಷ್ಟು ಗಿಗಾಹರ್ಟ್ಸ್ ಸಿಗುತ್ತದೆ. ದುಬಾರಿ ಕೂಲರ್ ಕೊಂಡವರ ದುಡ್ಡು ಡಿಗ್ರಿಯಲ್ಲಿ ಕಾಣಲಿಲ್ಲ, ವೇಗದಲ್ಲಿ ಕಾಣುತ್ತಿತ್ತು. ಅವರು ನೋಡುತ್ತಿದ್ದದ್ದು ಬೇರೆ ಅಂಕಿ.

ಕೊನೆಯ ಅಷ್ಟು ವೇಗ ಬೇಡ, ತಂಪಾಗಿರಲಿ ಅನ್ನುವವರಿಗೆ ಇಕೊ ಮೋಡ್ ಇದೆ. ಬಯಾಸ್‌ಗೆ, ಅಂದರೆ ಮದರ್‌ಬೋರ್ಡಿನ ಮೂಲ ತಂತ್ರಾಂಶದ ಸೆಟ್ಟಿಂಗ್‌ಗಳಿಗೆ, ಹೋಗಿ ಅದನ್ನು ಆರಿಸಿದರೆ ವ್ಯಾಟ್ ಮಿತಿ ಕೆಳಗಿಳಿಯುತ್ತದೆ. 7950ಎಕ್ಸ್ ಅನ್ನು 230ರಿಂದ 142 ವ್ಯಾಟಿಗೆ ಇಳಿಸಿ ನೋಡಿದ ಪರೀಕ್ಷಕರಿಗೆ ವೇಗದ ನಷ್ಟ ಅಲ್ಪವೇ ಕಂಡಿತು, ಆಟಗಳಲ್ಲಂತೂ ವ್ಯತ್ಯಾಸ ಹುಡುಕಬೇಕು. ಮೇಲೆ ಹೇಳಿದ ವರ್ಗದ ಲೆಕ್ಕ ಇಲ್ಲಿ ತಿರುಗಿ ನಮ್ಮ ಕಡೆಗೇ ಕೆಲಸ ಮಾಡುತ್ತದೆ. 2023ರ ಜನವರಿಯಲ್ಲಿ ಎಎಂಡಿಯೇ ಎಕ್ಸ್ ಅಕ್ಷರವಿಲ್ಲದ 7600, 7700, 7900 ತಂದಿತು. ಟಿಡಿಪಿ 65 ವ್ಯಾಟ್, ಡಬ್ಬದಲ್ಲೇ ಕೂಲರ್.

ನಿಜವಾಗಿ ಸುಟ್ಟದ್ದು ಬೇರೆ

2023ರ ಏಪ್ರಿಲ್‌ನಲ್ಲಿ ಕೆಲವು ರೈಝೆನ್ 7000 ಚಿಪ್‌ಗಳು ನಿಜಕ್ಕೂ ಸುಟ್ಟವು. ಅದೇ ತಿಂಗಳ ಮೊದಲ ವಾರ ಮಾರುಕಟ್ಟೆಗೆ ಬಂದಿದ್ದ 7800ಎಕ್ಸ್3ಡಿ ಹೆಚ್ಚಾಗಿ ಸುದ್ದಿಯಲ್ಲಿತ್ತು. ಚಿಪ್ಪಿನ ತಳ ಉಬ್ಬಿ, ಸಾಕೆಟ್ಟಿನ ಪಿನ್ನುಗಳು ಕರಕಲಾದ ಚಿತ್ರಗಳು ಹರಡಿದವು. ನೋಡಿದಿರಾ, 95 ಡಿಗ್ರಿ ಅಂದಾಗಲೇ ಹೇಳಿದ್ದೆವಲ್ಲ ಅಂದರು ಹಲವರು.

ಕಾರಣ ಅದಾಗಿರಲಿಲ್ಲ. ಈ ಮಾದರಿಯ ಮಿತಿ 89 ಡಿಗ್ರಿ ಮಾತ್ರ, ಸಾಮಾನ್ಯ ಚಿಪ್‌ಗಿಂತ ಕಡಿಮೆ. ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಪೊ ಸೆಟ್ಟಿಂಗ್ ಆನ್ ಮಾಡಿದಾಗ ಕೆಲವು ಮದರ್‌ಬೋರ್ಡ್‌ಗಳು ಎಸ್ಒಸಿ ವೋಲ್ಟೇಜನ್ನು, ಅಂದರೆ ರ‍್ಯಾಮ್ ಜೊತೆ ಮಾತಾಡುವ ಭಾಗಕ್ಕೆ ಹೋಗುವ ವೋಲ್ಟೇಜನ್ನು, ಬೇಕಾದ್ದಕ್ಕಿಂತ ಮೇಲೆ ಏರಿಸುತ್ತಿದ್ದವು. ಎಎಂಡಿ ಹೊಸ ಬಯಾಸ್ ಮೂಲಕ ಆ ವೋಲ್ಟೇಜ್ 1.3 ವೋಲ್ಟ್ ದಾಟದಂತೆ ಬೀಗ ಹಾಕಿತು. ಎಎಂ5 ಬೋರ್ಡಿನ ಬಯಾಸ್ ಆ ಕಾಲದ್ದೇ ಇದ್ದರೆ ಮೊದಲು ಅಪ್‌ಡೇಟ್ ಮಾಡಿ. ಸೆಕೆಂಡ್ ಹ್ಯಾಂಡ್ ಕೊಂಡವರು ತಪ್ಪದೆ ನೋಡಬೇಕು.

ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲೂ ಖಳನಾಯಕ ವೋಲ್ಟೇಜೇ. ಅವುಗಳಲ್ಲಿ ಮೇಲ್ದರ್ಜೆಯ ಐ9 ಚಿಪ್‌ಗಳು 253 ವ್ಯಾಟ್, 100 ಡಿಗ್ರಿಗೆ ಹೋಗುತ್ತವೆ ಅನ್ನುವುದು ಮೊದಲ ದಿನದಿಂದಲೇ ಗೊತ್ತಿತ್ತು. ಬಳಕೆಯಾಗುತ್ತಾ ಆಟಗಳು ಕ್ರ್ಯಾಶ್ ಆಗತೊಡಗಿದವು. ಮೈಕ್ರೊಕೋಡ್, ಅಂದರೆ ಚಿಪ್ಪಿನ ಒಳಗಿನ ನಿಯಂತ್ರಣ ತಂತ್ರಾಂಶ, ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು ಎಂದು 2024ರ ಜುಲೈಯಲ್ಲಿ ಇಂಟೆಲ್ ಒಪ್ಪಿಕೊಂಡಿತು. ತಿದ್ದುಪಡಿಗಳು ಬಂದವು, ವಾರಂಟಿ ಎರಡು ವರ್ಷ ಹೆಚ್ಚಾಯಿತು. ಆಗಲೇ ಸವೆದ ಚಿಪ್ ಮಾತ್ರ ಅಪ್‌ಡೇಟಿನಿಂದ ರಿಪೇರಿ ಆಗುವುದಿಲ್ಲ, ಬದಲಿಸಿಕೊಳ್ಳಬೇಕು.

ಉಷ್ಣಾಂಶದ ಮೇಲೆ ಚಿಪ್ಪಿಗೇ ಕಾವಲಿದೆ, ಮಿತಿ ಬಂದರೆ ವೇಗ ಇಳಿಸಿಕೊಳ್ಳುತ್ತದೆ. ತಪ್ಪು ವೋಲ್ಟೇಜ್ ಸದ್ದಿಲ್ಲದೆ ಒಳಗಿನಿಂದ ಸವೆಸುತ್ತದೆ, ಪರದೆಯ ಮೇಲಿನ ಡಿಗ್ರಿಯಲ್ಲಿ ಅದು ಕಾಣುವುದೇ ಇಲ್ಲ.

ಎಕ್ಸ್3ಡಿ ಮಾದರಿಗಳ ಮಿತಿ ಕಡಿಮೆ ಇಟ್ಟದ್ದಕ್ಕೂ ಒಂದು ಕಾರಣವಿತ್ತು. ಕೋರ್‌ಗಳಿರುವ ತುಂಡಿನ ಮೇಲೆ 64 ಎಂಬಿಯ ಹೆಚ್ಚುವರಿ ಕ್ಯಾಶ್ ಮೆಮೊರಿ, ಅಂದರೆ ಕೋರ್‌ಗಳ ಕೈಗೆಟಕುವ ವೇಗದ ಮೆಮೊರಿ, ಅಟ್ಟ ಕಟ್ಟಿದ ಹಾಗೆ ಕೂತಿತ್ತು, ಶಾಖ ಆ ಹೆಚ್ಚುವರಿ ಪದರವನ್ನು ದಾಟಿಯೇ ಮೇಲೆ ಬರಬೇಕಿತ್ತು. 2024ರ ನವೆಂಬರಿನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಎಎಂಡಿ ಅಟ್ಟವನ್ನು ಕೆಳಗೆ ಹಾಕಿ ಕೋರ್‌ಗಳನ್ನು ಮೇಲಕ್ಕೆ ತಂದಿತು.

ನಿಮ್ಮ ಕಂಪ್ಯೂಟರಿನಲ್ಲಿ ನೋಡಬೇಕಾದ್ದು

ಸುಮ್ಮನೆ ಕೂತಾಗ, ಬ್ರೌಸರ್ ಒಂದೇ ತೆರೆದಿದ್ದಾಗಲೂ 80, 90 ತೋರಿಸುತ್ತಿದ್ದರೆ ಅದು ಮೇಲೆ ಹೇಳಿದ 95ರ ಕತೆಯಲ್ಲ. ಕೂಲರ್ ಸರಿಯಾಗಿ ಕೂತಿಲ್ಲ, ಪೇಸ್ಟ್ ಒಣಗಿದೆ, ವಾಟರ್ ಕೂಲರಿನ ಪಂಪ್ ನಿಂತಿದೆ, ಇಲ್ಲವೇ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆಯನ್ನೇ ಕಿತ್ತಿಲ್ಲ. ಕೊನೆಯದು ನಂಬಲಾಗದಷ್ಟು ಸಾಮಾನ್ಯ. ಭಾರದ ಕೆಲಸದಲ್ಲಿ 95 ಇದ್ದು, ವೇಗ ಡಬ್ಬದ ಮೇಲೆ ಬರೆದ ಬೇಸ್ ವೇಗಕ್ಕಿಂತ, ಅಂದರೆ ಕಂಪನಿ ಹೇಳುವ ಮೂಲ ವೇಗಕ್ಕಿಂತ, ಮೇಲಿದ್ದರೆ ಚಿಂತೆಯಿಲ್ಲ. ಬೇಸ್ ವೇಗಕ್ಕಿಂತ ಕೆಳಗೆ ಜಾರಿದರೆ ಕೂಲರ್ ಸೋಲುತ್ತಿದೆ ಅಂತ ಅರ್ಥ.

ಕೋಣೆಯ ಗಾಳಿಗಿಂತ ಚಿಪ್ಪನ್ನು ತಂಪು ಮಾಡುವುದು ಯಾವ ಫ್ಯಾನಿಗೂ ಸಾಧ್ಯವಿಲ್ಲ. ಡಿಸೆಂಬರಿನಲ್ಲಿ 20 ಡಿಗ್ರಿಯ ಕೋಣೆಯಲ್ಲಿ 70 ತೋರಿಸುವ ಚಿಪ್, ಅದೇ ಕೆಲಸಕ್ಕೆ ಮೇ ತಿಂಗಳ 40 ಡಿಗ್ರಿಯಲ್ಲಿ 90ರ ಹತ್ತಿರ ತೋರಿಸುತ್ತದೆ. ಕಲಬುರಗಿ, ರಾಯಚೂರಿನ ಕಡೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಬಿನೆಟ್ಟಿನ ಮುಂದಿನ ಜಾಲರಿಯಲ್ಲಿ ಧೂಳು ಕಟ್ಟಿದರೆ ಇನ್ನೂ ಕಷ್ಟ.

ಅಣ್ಣನ ಮಗ ಆ ರಾತ್ರಿ ಓದಿ ಹೇಳಿದ್ದು: 140 ವ್ಯಾಟ್, 5.1 ಗಿಗಾಹರ್ಟ್ಸ್. ಬೇಸ್ ವೇಗ 4.5. ಏನೂ ಆಗಿಲ್ಲ, ರೆಂಡರ್ ಮುಗಿಯಲಿ, ಬಂದ್ ಮಾಡಬೇಡ ಅಂದೆ. ಬೇಸಿಗೆ ಶುರುವಾದಾಗ ಅವನೇ ಬಯಾಸ್‌ಗೆ ಹೋಗಿ ಇಕೊ ಮೋಡಿನಲ್ಲಿ 65 ವ್ಯಾಟ್ ಆರಿಸಿದ. ಅರ್ಧ ಗಂಟೆ ಹಿಡಿಯುತ್ತಿದ್ದ ರೆಂಡರಿಗೆ ಈಗ ಎರಡು ಮೂರು ನಿಮಿಷ ಹೆಚ್ಚು ಬೇಕು, ಫ್ಯಾನಿನ ಸದ್ದು ಮಾತ್ರ ಪಕ್ಕದ ಕೋಣೆಯಲ್ಲಿ ಮಲಗುವ ಅಜ್ಜಿಗೆ ಕೇಳುವುದಿಲ್ಲ.